ಗಡಿ, ನುಡಿ ಮತ್ತು ಕೊಟ್ಟ ಮಾತು: ಆಫ್ರಿಕದ ಪ್ರತ್ಯೇಕತಾ ಹೋರಾಟಗಳನ್ನು ಕುರಿತು

ಆಫ್ರಿಕದ ಯಾವುದಾದರೊಂದು ಪ್ರದೇಶ ತಾನು ಸೇರಿದ ರಾಷ್ಟ್ರದಿಂದ ಬೇರೆಯಾಗಲು ಹೊರಟಾಗ ಅದನ್ನು 'ಬುಡಕಟ್ಟುಗಳ ಕಲಹ' ಎಂಬ ಒಂದೇ ಹೆಸರಿನಲ್ಲಿ ಅಡಕಗೊಳಿಸಿ ಮುಗಿಸುವುದು ವಾಡಿಕೆಯಾಗಿದೆ. ವಿದ್ವತ್ ವಲಯವೂ ಈ ವಾಡಿಕೆಯಿಂದ ಸಂಪೂರ್ಣವಾಗಿ ಪಾರಾಗಿಲ್ಲ. ಯುರೋಪಿನಲ್ಲಿ ಕೆಟಲಾನರು ಅಥವಾ ಸ್ಕಾಟರು ಬೇರೆ ರಾಜ್ಯ ಬೇಡಿದರೆ ಅದು ರಾಷ್ಟ್ರೀಯತೆ. ಇಗ್ಬೊ ಜನರು ಬೇಡಿದರೆ ಅದು ಬುಡಕಟ್ಟು ನಿಷ್ಠೆ. ಈ ಎರಡು ಅಳತೆಗೋಲುಗಳನ್ನು ಬದಿಗಿಟ್ಟು ಚರಿತ್ರೆಯ ದಾಖಲೆಗಳನ್ನು ನೋಡಿದರೆ ಬೇರೆಯೇ ಚಿತ್ರವೊಂದು ಕಾಣುತ್ತದೆ. ಎರಿಟ್ರಿಯಾ, ದಕ್ಷಿಣ ಸುಡಾನ್, ಕ್ಯಾಮರೂನಿನ ಇಂಗ್ಲಿಷ್ ಭಾಗ, ಈ ಮೂರೂ ಕಡೆ ಪೂರ್ಣಪ್ರಮಾಣದ ಯುದ್ಧಕ್ಕೆ ಮೊದಲು ಬರವಣಿಗೆಯಲ್ಲಿ ಒಂದು ಒಪ್ಪಂದವಿತ್ತು. ಸ್ವಾಯತ್ತತೆಯನ್ನು ಕೊಡುತ್ತೇವೆಂದು ಕೇಂದ್ರ ಪ್ರಭುತ್ವ ಮಾತು ಕೊಟ್ಟಿತ್ತು. ಅನಂತರ ಆ ಮಾತನ್ನು ತಾನೇ ಮುರಿಯಿತು. ಪ್ರತ್ಯೇಕತೆಯ ಬೇರನ್ನು ರಕ್ತದಲ್ಲಿಯೋ ನುಡಿಯಲ್ಲಿಯೋ ಹುಡುಕುವುದಕ್ಕಿಂತ ಈ ವಚನಭಂಗದಲ್ಲಿ ಹುಡುಕುವುದು ಹೆಚ್ಚು ಫಲಪ್ರದ.

ಗಡಿಗಳ ಕಥೆ ಪರಿಚಿತವಾದುದರಿಂದ ಅದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1884-85ರ ಬರ್ಲಿನ್ ಸಮಾವೇಶದಲ್ಲಿ ಯುರೋಪಿನ ಶಕ್ತಿಗಳು ಖಂಡದ ಹಂಚಿಕೆಗೆ ನಿಯಮಗಳನ್ನು ರೂಪಿಸಿಕೊಂಡವು. ಆಫ್ರಿಕದ ಒಬ್ಬ ಪ್ರತಿನಿಧಿಯೂ ಅಲ್ಲಿರಲಿಲ್ಲ. ಎಂಬತ್ತು ವರ್ಷಗಳ ತರುವಾಯ, 1964ರಲ್ಲಿ ಕೈರೋ ನಗರದಲ್ಲಿ ಸೇರಿದ ಆಫ್ರಿಕ ಏಕತಾ ಸಂಸ್ಥೆಯ ನಾಯಕರು ಸ್ವಾತಂತ್ರ್ಯ ಬಂದ ದಿನ ಯಾವ ಗಡಿಗಳಿದ್ದವೋ ಅವನ್ನೇ ಗೌರವಿಸಬೇಕೆಂದು ನಿರ್ಣಯಿಸಿದರು. ಸೊಮಾಲಿಯಾ ಮತ್ತು ಮೊರಾಕೊ ಇದನ್ನು ಒಪ್ಪಲಿಲ್ಲ. ಒಂದು ಗೆರೆಯನ್ನು ಅಳಿಸಿದರೆ ಎಲ್ಲ ಗೆರೆಗಳೂ ಅಳಿಸಿಹೋದಾವೆಂಬ ಭಯ ಈ ನಿರ್ಣಯದ ಹಿಂದಿತ್ತು. ಭಯ ಅಕಾರಣವಾದುದಲ್ಲ. ಆದರೆ ಗಡಿಯ ಪಾವಿತ್ರ್ಯವನ್ನು ಸಾರಿದ ಆ ನಿರ್ಣಯ ಗಡಿಯ ಒಳಗೆ ಪ್ರಭುತ್ವವು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕುರಿತು ಮೌನವಾಗಿತ್ತು.

ಎರಿಟ್ರಿಯಾದ ಪ್ರಸಂಗವನ್ನು ತುಸು ವಿವರವಾಗಿ ನೋಡಬೇಕು. 1890ರಿಂದ ಇಟಲಿಯ ವಸಾಹತಾಗಿದ್ದ ಈ ಕೆಂಪು ಸಮುದ್ರದ ತೀರಪ್ರದೇಶ 1941ರಲ್ಲಿ ಬ್ರಿಟಿಷ್ ಸೈನಿಕ ಆಡಳಿತಕ್ಕೆ ಒಳಪಟ್ಟಿತು. ಸಂಯುಕ್ತ ರಾಷ್ಟ್ರಸಂಘದ 1950ರ ನಿರ್ಣಯದಂತೆ 1952ರಲ್ಲಿ ಅದು ಇಥಿಯೋಪಿಯಾದ ಚಕ್ರಾಧಿಪತ್ಯದೊಡನೆ ಒಕ್ಕೂಟದ ಸಂಬಂಧವನ್ನು ಪಡೆಯಿತು. ಎರಿಟ್ರಿಯಾಕ್ಕೆ ತನ್ನದೇ ಶಾಸನಸಭೆ, ತನ್ನದೇ ಧ್ವಜ, ಟಿಗ್ರಿನ್ಯಾ ಮತ್ತು ಅರಬ್ಬಿ ಎಂಬ ಎರಡು ಅಧಿಕೃತ ಭಾಷೆಗಳು ಇದ್ದವು. ಹತ್ತು ವರ್ಷಗಳೊಳಗೆ ಇವೆಲ್ಲವೂ ಒಂದೊಂದಾಗಿ ಇಲ್ಲವಾದವು. ಪಕ್ಷಗಳು ನಿಷೇಧಕ್ಕೊಳಗಾದವು, ಧ್ವಜ ಕೆಳಗಿಳಿಯಿತು, ಎರಿಟ್ರಿಯಾದ 'ಸರ್ಕಾರ' ಎಂಬುದು 1960ರಲ್ಲಿ ಬರಿಯ 'ಆಡಳಿತ' ಎಂಬ ಹೆಸರಿಗೆ ಇಳಿಯಿತು, ಟಿಗ್ರಿನ್ಯಾ ಮತ್ತು ಅರಬ್ಬಿಗಳ ಸ್ಥಾನದಲ್ಲಿ ಅಮ್ಹಾರಿಕ್ ಬಂದು ಕುಳಿತಿತು. ಟಿಗ್ರಿನ್ಯಾ ಮತ್ತು ಅಮ್ಹಾರಿಕ್ ಎರಡೂ ಸೆಮಿಟಿಕ್ ಕುಲದ ಸೋದರ ಭಾಷೆಗಳು, ಎರಡಕ್ಕೂ ಒಂದೇ ಗೀಝ್ ಲಿಪಿಯ ಪರಂಪರೆ. ಭಾಷೆಗಳು ಎಷ್ಟು ಹತ್ತಿರವಾಗಿದ್ದರೂ ಹೇರಿಕೆ ಹೇರಿಕೆಯೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. 1961ರ ಸೆಪ್ಟೆಂಬರಿನಲ್ಲಿ ಮೊದಲ ಗುಂಡು ಹಾರಿತು. ಮರುವರ್ಷ ಹೈಲೆ ಸೆಲಾಸಿ ಚಕ್ರವರ್ತಿ ಒಕ್ಕೂಟವನ್ನು ವಿಧ್ಯುಕ್ತವಾಗಿ ರದ್ದುಮಾಡಿ ಎರಿಟ್ರಿಯಾವನ್ನು ತನ್ನ ಸಾಮ್ರಾಜ್ಯದ ಒಂದು ಪ್ರಾಂತವಾಗಿಸಿದನು. ಒಕ್ಕೂಟವನ್ನು ಏರ್ಪಡಿಸಿದ ಸಂಯುಕ್ತ ರಾಷ್ಟ್ರಸಂಘ ಅದರ ಅಂತ್ಯವನ್ನು ಸುಮ್ಮನೆ ನೋಡಿತು. ಮೂವತ್ತು ವರ್ಷಗಳ ಯುದ್ಧದ ಬಳಿಕ, 1993ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ 99ಕ್ಕೂ ಮಿಕ್ಕಿ ಜನರು ಸ್ವಾತಂತ್ರ್ಯವನ್ನು ಆಯ್ದುಕೊಂಡರು. ಇಷ್ಟು ಒಮ್ಮತವನ್ನು ಭಾಷಾಭಿಮಾನವೊಂದೇ ತರಲಾರದು. ಎರಿಟ್ರಿಯಾದಲ್ಲಿಯೇ ಒಂಬತ್ತು ಭಾಷಾ ಸಮುದಾಯಗಳಿವೆ. ಕ್ರೈಸ್ತರೂ ಮುಸ್ಲಿಮರೂ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿದ್ದಾರೆ. ಅವರೆಲ್ಲರನ್ನೂ ಒಂದುಗೂಡಿಸಿದ್ದು ಅಡಿಸ್ ಅಬಾಬದ ಆಳ್ವಿಕೆಯೇ.

ಸುಡಾನಿನಲ್ಲಿ ಮಾತು ಕೊಟ್ಟವನು, ಮುರಿದವನು ಇಬ್ಬರೂ ಒಬ್ಬನೇ. 1955ರಲ್ಲಿ, ಅಂದರೆ ಸ್ವಾತಂತ್ರ್ಯಕ್ಕೆ ಕೆಲವು ತಿಂಗಳು ಮೊದಲು, ದಕ್ಷಿಣದ ಸೈನಿಕರು ದಂಗೆಯೆದ್ದಲ್ಲಿಂದ ಶುರುವಾದ ಕಲಹವನ್ನು ಅಧ್ಯಕ್ಷ ನಿಮೇರಿ 1972ರ ಅಡಿಸ್ ಅಬಾಬ ಒಪ್ಪಂದದಿಂದ ನಿಲ್ಲಿಸಿದನು. ದಕ್ಷಿಣಕ್ಕೆ ಜೂಬಾದಲ್ಲಿ ಪ್ರಾದೇಶಿಕ ಶಾಸನಸಭೆ ದೊರೆಯಿತು. ಅಲ್ಲಿ ತೈಲನಿಕ್ಷೇಪ ಪತ್ತೆಯಾದ ಮೇಲೆ ಉತ್ತರದ ದೃಷ್ಟಿ ಬದಲಾಯಿತು. 1983ರಲ್ಲಿ ಅದೇ ನಿಮೇರಿ ದಕ್ಷಿಣವನ್ನು ಮೂರು ಹೋಳು ಮಾಡಿ ದೇಶಕ್ಕೆಲ್ಲ ಷರಿಯತ್ ಕಾನೂನನ್ನು ಜಾರಿಗೆ ತಂದನು. ಗಮನಿಸಬೇಕಾದ ಸಂಗತಿಯೆಂದರೆ, ಆಗ ಆಯುಧ ಹಿಡಿದ ಜಾನ್ ಗರಾಂಗ್ ಬೇಡಿದ್ದು ಪ್ರತ್ಯೇಕ ರಾಷ್ಟ್ರವನ್ನಲ್ಲ. ಎಲ್ಲರಿಗೂ ಸಮಾನವಾದ 'ನವ ಸುಡಾನ'ವನ್ನು. ಆ ಕನಸನ್ನು ಉತ್ತರ ನಂಬಲಿಲ್ಲ, ಕೊನೆಗೆ ದಕ್ಷಿಣವೂ ನಂಬದಾಯಿತು. ದಕ್ಷಿಣದ ಹಿರಿಯ ರಾಜಕಾರಣಿ ಏಬೆಲ್ ಅಲಿಯರ್ 1990ರಲ್ಲಿ ಪ್ರಕಟಿಸಿದ ಗ್ರಂಥದ ಶೀರ್ಷಿಕೆಯೇ ಅವಮಾನಿತವಾದ ಒಪ್ಪಂದಗಳು ಮಿತಿಮೀರಿದುವೆಂದು ದೂರುತ್ತದೆ. ಸುಮಾರು 20 ಲಕ್ಷ ಜನರ ಸಾವಿನ ಅನಂತರ 2005ರಲ್ಲಿ ಶಾಂತಿ ಒಪ್ಪಂದವಾಗಿ, 2011ರ ಜುಲೈ 9ರಂದು ದಕ್ಷಿಣ ಸುಡಾನ್ ಹುಟ್ಟಿತು.

ಕನ್ನಡ ವಿದ್ಯಾರ್ಥಿಯ ಕುತೂಹಲವನ್ನು ಹೆಚ್ಚು ಕೆರಳಿಸಬೇಕಾದದ್ದು ಕ್ಯಾಮರೂನ್. ಇಲ್ಲಿ ಪ್ರತ್ಯೇಕತೆಯ ಗಡಿಯನ್ನು ಕೊರೆದಿರುವುದು ಭಾಷೆಯೇ. ಆದರೆ ಅದು ನೆಲದ ಭಾಷೆಯಲ್ಲ. 250ಕ್ಕೂ ಹೆಚ್ಚು ದೇಶಭಾಷೆಗಳಿರುವ ನಾಡಿನಲ್ಲಿ ಜನರು 'ಇಂಗ್ಲಿಷಿನವರು', 'ಫ್ರೆಂಚಿನವರು' ಎಂದು ಇಬ್ಭಾಗವಾಗಿದ್ದಾರೆ. ಜರ್ಮನರ ವಸಾಹತಾಗಿದ್ದ ಕ್ಯಾಮರೂನನ್ನು ಮೊದಲ ಮಹಾಯುದ್ಧದ ಬಳಿಕ ಫ್ರಾನ್ಸ್ ಮತ್ತು ಬ್ರಿಟನ್ ಹಂಚಿಕೊಂಡುದರ ಫಲವಿದು. ಬ್ರಿಟಿಷ್ ಭಾಗದಲ್ಲಿ 1961ರ ಫೆಬ್ರವರಿ 11ರಂದು ಜನಮತಗಣನೆ ನಡೆದಾಗ ಮತದಾರನ ಮುಂದಿದ್ದ ಆಯ್ಕೆಗಳು ಎರಡೇ: ನೈಜೀರಿಯಾ ಅಥವಾ ಫ್ರೆಂಚ್ ಕ್ಯಾಮರೂನ್. ಸ್ವತಂತ್ರವಾಗಿ ಉಳಿಯುವ ಆಯ್ಕೆಯನ್ನು ಯಾರೂ ಕೊಡಲಿಲ್ಲ. ದಕ್ಷಿಣ ಭಾಗದಲ್ಲಿ 2,33,571 ಮಂದಿ ಕ್ಯಾಮರೂನಿಗೂ 97,741 ಮಂದಿ ನೈಜೀರಿಯಾಕ್ಕೂ ಮತವಿತ್ತರು. ಅದೇ ವರ್ಷ ಜುಲೈನಲ್ಲಿ ಫುಂಬಾನ್ ಪಟ್ಟಣದಲ್ಲಿ ಎರಡೂ ಕಡೆಯವರು ಸೇರಿ ಒಕ್ಕೂಟದ ಸಂವಿಧಾನವನ್ನು ಚರ್ಚಿಸಿದರು.

ಈ ಫುಂಬಾನ್ ಸಾಮಾನ್ಯ ಪಟ್ಟಣವಲ್ಲ. ಬಾಮೂಮ್ ಜನರ ಈ ರಾಜಧಾನಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸುಲ್ತಾನ ನ್ಜೋಯಾ ತನ್ನ ನುಡಿಗಾಗಿ ಒಂದು ಲಿಪಿಯನ್ನೇ ನಿರ್ಮಿಸಿದನು. ಮೊದಲಲ್ಲಿ 500ಕ್ಕೂ ಹೆಚ್ಚಿದ್ದ ಚಿಹ್ನೆಗಳನ್ನು ಹಂತಹಂತವಾಗಿ ಪರಿಷ್ಕರಿಸಿ 1910ರ ವೇಳೆಗೆ 80ರ ಆಸುಪಾಸಿಗೆ ತಂದನು. ಆ ಲಿಪಿಯಲ್ಲಿ ತನ್ನ ಜನರ ಚರಿತ್ರೆಯನ್ನು ಬರೆಯಿಸಿದನು, ಶಾಲೆಗಳನ್ನು ತೆರೆದನು. ಫ್ರೆಂಚ್ ಆಡಳಿತ ಲಿಪಿಯನ್ನು ಹತ್ತಿಕ್ಕಿತು. ಸುಲ್ತಾನನನ್ನು ಯಾವುಂಡೆಗೆ ಗಡೀಪಾರು ಮಾಡಿತು. 1933ರಲ್ಲಿ ಅವನು ಅಲ್ಲಿಯೇ ತೀರಿಕೊಂಡನು. ಅಂಥ ಊರಿನಲ್ಲಿ 1961ರಲ್ಲಿ ಕುಳಿತವರಿಗೆ ಒಕ್ಕೂಟದ ಭಾಷೆಗಳು ಯಾವುವೆಂಬ ಪ್ರಶ್ನೆಗೆ ಇಂಗ್ಲಿಷ್ ಮತ್ತು ಫ್ರೆಂಚ್ ಎಂಬ ಉತ್ತರ ಮಾತ್ರ ಹೊಳೆಯಿತು.

ಒಕ್ಕೂಟದ ಸಂವಿಧಾನದ 47ನೆಯ ವಿಧಿ ಒಕ್ಕೂಟದ ಐಕ್ಯಕ್ಕೆ ಧಕ್ಕೆ ತರುವ ತಿದ್ದುಪಡಿಯನ್ನು ಪರಿಗಣಿಸಲೇ ಕೂಡದೆಂದು ವಿಧಿಸಿತ್ತು. ಆದರೂ 1972ರ ಮೇ 20ರಂದು ದೇಶವ್ಯಾಪಿ ಜನಮತಗಣನೆಯ ಮೂಲಕ ಒಕ್ಕೂಟವನ್ನು ಏಕಾತ್ಮಕ ರಾಜ್ಯವನ್ನಾಗಿ ಮಾರ್ಪಡಿಸಲಾಯಿತು. ಐದರಲ್ಲಿ ಒಂದು ಪಾಲು ಜನರ ಹಕ್ಕನ್ನು ಉಳಿದ ನಾಲ್ಕು ಪಾಲು ಜನರ ಮತದಿಂದ ತೀರ್ಮಾನಿಸಿದ ಈ ವಿಧಾನ ಪ್ರಜಾಪ್ರಭುತ್ವದ ವೇಷದಲ್ಲಿಯೇ ನಡೆಯಿತೆಂಬುದು ವಿಚಾರಾರ್ಹ. 1975ರಲ್ಲಿ ಧ್ವಜದ ಎರಡು ನಕ್ಷತ್ರಗಳು ಒಂದಾದವು. 1984ರಲ್ಲಿ ಅಧ್ಯಕ್ಷ ಪಾಲ್ ಬಿಯಾ 'ಸಂಯುಕ್ತ' ಎಂಬ ಪದವನ್ನೂ ಕಿತ್ತುಹಾಕಿ, ಫ್ರೆಂಚ್ ಭಾಗ 1960ರಲ್ಲಿ ಸ್ವತಂತ್ರವಾದಾಗ ಇದ್ದ ಹೆಸರನ್ನೇ ಇಡೀ ದೇಶಕ್ಕೆ ಮರಳಿ ಇಟ್ಟನು. 2016ರಲ್ಲಿ ಬಾಮೆಂಡಾ, ಬುಯಾ ನಗರಗಳ ವಕೀಲರೂ ಶಿಕ್ಷಕರೂ ಬೀದಿಗಿಳಿದಾಗ ಅವರ ಬೇಡಿಕೆ ಬಹಳ ಚಿಕ್ಕದು: ಇಂಗ್ಲಿಷ್ ನ್ಯಾಯಪದ್ಧತಿಯ ಕೋರ್ಟುಗಳಿಗೆ ಅದನ್ನು ಅರಿಯದ ನ್ಯಾಯಾಧೀಶರನ್ನು, ಇಂಗ್ಲಿಷ್ ಶಾಲೆಗಳಿಗೆ ಫ್ರೆಂಚ್ ಮಾತ್ರ ಬಲ್ಲ ಶಿಕ್ಷಕರನ್ನು ಕಳುಹಿಸಬೇಡಿ ಎಂಬುದು. ಸರ್ಕಾರ ಮುಖಂಡರನ್ನು ಬಂಧಿಸಿತು. 2017ರಲ್ಲಿ ಮೂರು ತಿಂಗಳ ಕಾಲ ಆ ಪ್ರದೇಶದ ಅಂತರ್ಜಾಲವನ್ನೇ ಕಡಿದುಹಾಕಿತು. ಅದೇ ವರ್ಷದ ಅಕ್ಟೋಬರ್ 1ರಂದು 'ಅಂಬಜೋನಿಯಾ' ಎಂಬ ರಾಷ್ಟ್ರದ ಘೋಷಣೆಯಾಯಿತು. ಅಂದಿನಿಂದ ನಡೆದ ಹಿಂಸೆಯಲ್ಲಿ 6,000ಕ್ಕೂ ಹೆಚ್ಚು ಜನರು ಸತ್ತಿದ್ದಾರೆ. ಶಾಲೆಗಳನ್ನು ರಕ್ಷಿಸಲು ಹುಟ್ಟಿದ ಚಳವಳಿಯ ಹೆಸರಿನಲ್ಲಿಯೇ ಬಂಡುಕೋರರು ಶಾಲೆಗಳನ್ನು ಮುಚ್ಚಿಸಿದರು. ಒಂದು ತಲೆಮಾರಿನ ಮಕ್ಕಳು ಅಕ್ಷರವಂಚಿತರಾದರು. 2019ರ ಕೊನೆಗೆ ಸರ್ಕಾರ ಆ ಎರಡು ಪ್ರಾಂತಗಳಿಗೆ 'ವಿಶೇಷ ಸ್ಥಾನ'ವನ್ನು ಕೊಡುವ ಕಾನೂನು ಮಾಡಿತು. ಮೂರು ವರ್ಷ ಮೊದಲು ಬಂದಿದ್ದರೆ ಅದಕ್ಕೆ ಬೇರೆಯೇ ಬೆಲೆಯಿರುತ್ತಿತ್ತು.

ಭಾಷೆ ಒಂದಾದರೆ ನಾಡು ಒಂದಾಗಿರುತ್ತದೆಂದು ನಂಬುವವರು ಸೊಮಾಲಿಯಾದತ್ತ ನೋಡಬೇಕು. ಒಂದು ನುಡಿ, ಒಂದು ಮತ, 1972ರಿಂದ ಒಂದು ಅಧಿಕೃತ ಲಿಪಿ; ಆಫ್ರಿಕದಲ್ಲಿ ಇಂಥ ಏಕರೂಪತೆ ವಿರಳ. ಆದರೂ 1988ರಲ್ಲಿ ಸಿಯಾದ್ ಬರೆಯ ಸರ್ಕಾರ ತನ್ನದೇ ನಗರವಾದ ಹರ್ಗೈಸಾದ ಮೇಲೆ ಬಾಂಬು ಸುರಿಸಿತು. 1991ರಲ್ಲಿ ಸೊಮಾಲಿಲ್ಯಾಂಡ್ ಬೇರೆಯಾಯಿತು. ತನ್ನದೇ ನಾಣ್ಯ, ಚುನಾವಣೆ, ಸೈನ್ಯಗಳಿದ್ದರೂ ಲೋಕದ ಬಹುಪಾಲು ರಾಷ್ಟ್ರಗಳ ಮನ್ನಣೆ ಅದಕ್ಕೆ ದೊರೆತಿಲ್ಲ.

ಹಾಗೆಂದು ಪ್ರತ್ಯೇಕತಾವಾದಿಗಳೆಲ್ಲರೂ ನ್ಯಾಯಪಕ್ಷಪಾತಿಗಳೆಂದು ತಿಳಿಯಬೇಕಾಗಿಲ್ಲ. 1960ರಲ್ಲಿ ಕಾಂಗೋದಿಂದ ಸಿಡಿದ ಕಟಾಂಗಾದ ಹಿಂದೆ ಬೆಲ್ಜಿಯಮ್ಮಿನ ಗಣಿ ಬಂಡವಾಳ ನಿಂತಿತ್ತು. ಬಯಾಫ್ರಾದ ಪ್ರಶ್ನೆ ಇನ್ನೂ ಜಟಿಲ. 1966ರಲ್ಲಿ ಉತ್ತರ ನೈಜೀರಿಯಾದಲ್ಲಿ ಇಗ್ಬೊ ಜನರ ಹತ್ಯೆ ನಡೆದದ್ದು ನಿಜ. 1967ರ ಜನವರಿಯಲ್ಲಿ ಘಾನಾದ ಅಬುರಿಯಲ್ಲಿ ಗೊವೊನ್ ಮತ್ತು ಒಜುಕ್ವು ಒಪ್ಪಿಕೊಂಡ ಸೂತ್ರ ಊರಿಗೆ ಮರಳುವಷ್ಟರಲ್ಲಿ ಎರಡು ಅರ್ಥ ಪಡೆದುದೂ ನಿಜ. ಮೇ 30ರಂದು ಬಯಾಫ್ರಾ ಸ್ವತಂತ್ರವೆಂದು ಸಾರಿತು. 1970ರ ಜನವರಿಯಲ್ಲಿ ಶರಣಾಗುವ ವೇಳೆಗೆ ಲಕ್ಷಾಂತರ ಮಂದಿ, ಬಹುಪಾಲು ಹಸಿವಿನಿಂದ, ಸತ್ತಿದ್ದರು. ಚಿನುವ ಅಚೆಬೆ ಬಯಾಫ್ರಾದ ಪರವಾಗಿ ದೇಶದೇಶ ಸುತ್ತಿದನು. ಕವಿ ಕ್ರಿಸ್ಟೊಫರ್ ಒಕಿಗ್ಬೊ ಯುದ್ಧದಲ್ಲಿ ಮಡಿದನು. ಕನ್ನಡದಲ್ಲಿ ಬಯಾಫ್ರಾದ ಮಾತು ಬಂದಾಗ ಸಾಮಾನ್ಯವಾಗಿ ಈ ಹೆಸರುಗಳೇ ಕೇಳಿಬರುತ್ತವೆ. ಆದರೆ ಬಯಾಫ್ರಾದ ಗಡಿಯೊಳಗೆ ಇಗ್ಬೊ ಅಲ್ಲದ ಹಲವು ಚಿಕ್ಕ ಸಮುದಾಯಗಳಿದ್ದವು. ಅವರಿಗೆ ಲಾಗೋಸ್ ಎಷ್ಟು ದೂರವೋ ಎನುಗು ಅಷ್ಟೇ ದೂರ. ಒಗೊನಿ ಸಮುದಾಯದ ಕೆನ್ ಸಾರೊ-ವಿವಾ ಆ ಯುದ್ಧದಲ್ಲಿ ನಿಂತದ್ದು ನೈಜೀರಿಯಾದ ಪಕ್ಷದಲ್ಲಿ. ಮುಂದೆ 1990ರಲ್ಲಿ ಅದೇ ನೈಜೀರಿಯಾದೊಳಗೆ ಒಗೊನಿ ಜನರಿಗೆ ಸ್ವಾಯತ್ತತೆಯನ್ನು, ತಮ್ಮ ನೆಲದ ತೈಲದಲ್ಲಿ ಪಾಲನ್ನು ಕೇಳಿದವನೂ ಅವನೇ. ಪ್ರತ್ಯೇಕ ರಾಷ್ಟ್ರವನ್ನು ಅವನು ಕೇಳಲಿಲ್ಲ. 1995ರ ನವೆಂಬರ್ 10ರಂದು ಸೈನಿಕ ಸರ್ಕಾರ ಅವನನ್ನೂ ಇತರ ಎಂಟು ಮಂದಿಯನ್ನೂ ಗಲ್ಲಿಗೇರಿಸಿತು.

ಬಿಡುಗಡೆ ಪಡೆದವರು ಮುಂದೆ ಏನು ಮಾಡಿದರೆಂಬುದನ್ನೂ ಮುಚ್ಚಿಡಲಾಗದು. ಎರಿಟ್ರಿಯಾ ಪ್ರಾಥಮಿಕ ಶಿಕ್ಷಣವನ್ನು ಮಾತೃಭಾಷೆಗಳಲ್ಲಿಯೇ ಕೊಡುವ ನೀತಿಯನ್ನು ಒಪ್ಪಿಕೊಂಡಿತು. 2000ದಲ್ಲಿ ಗೂಗಿ ವಾ ಥಿಯಾಂಗೊ ಮೊದಲಾದ ಲೇಖಕರು ಸೇರಿ ಆಫ್ರಿಕದ ಭಾಷೆಗಳ ಪರವಾಗಿ ಘೋಷಣೆ ಹೊರಡಿಸಿದ್ದೂ ಅಸ್ಮರಾ ನಗರದಲ್ಲಿಯೇ. ಆದರೆ ಅದೇ ಸರ್ಕಾರ 1997ರಲ್ಲಿ ಅಂಗೀಕೃತವಾದ ಸಂವಿಧಾನವನ್ನು ಜಾರಿಗೆ ತರಲೇ ಇಲ್ಲ. ರಾಷ್ಟ್ರಮಟ್ಟದ ಚುನಾವಣೆ ನಡೆಯಲಿಲ್ಲ. 2001ರಲ್ಲಿ ಖಾಸಗಿ ಪತ್ರಿಕೆಗಳು ಮುಚ್ಚಿದವು. ತಾಯ್ನುಡಿಯಲ್ಲಿ ಓದಲು ಕಲಿತವನಿಗೆ ಆ ನುಡಿಯಲ್ಲಿ ಓದಲು ಸ್ವತಂತ್ರ ಪತ್ರಿಕೆಯೊಂದಿಲ್ಲ. ದಕ್ಷಿಣ ಸುಡಾನ್ ಎರಡೂವರೆ ವರ್ಷ ತುಂಬುವ ಮೊದಲೇ, 2013ರ ಡಿಸೆಂಬರಿನಲ್ಲಿ, ತನ್ನೊಳಗೇ ಯುದ್ಧಕ್ಕಿಳಿಯಿತು.

ಕರ್ನಾಟಕದ ಅನುಭವಕ್ಕೂ ಇದಕ್ಕೂ ಹೋಲಿಕೆಯನ್ನು ಎಳೆತರುವಾಗ ಎಚ್ಚರ ಬೇಕು. ಆದರೂ ಒಂದು ಸಂಬಂಧ ನಿಜವಾದುದು. 1950ರ ದಶಕದ ಮೊದಲ ವರ್ಷಗಳಲ್ಲಿ ಧಾರವಾಡ, ಬೆಳಗಾವಿಗಳಿಗೆ ಮುಂಬಯಿ ರಾಜಧಾನಿ, ಮಂಗಳೂರಿಗೆ ಮದರಾಸು, ಕಲಬುರ್ಗಿ, ರಾಯಚೂರುಗಳಿಗೆ ಹೈದರಾಬಾದು. ಈ ಗಡಿಗಳೂ ವಸಾಹತು ಕಾಲದ ಬಳುವಳಿಗಳೇ. ಭಾಷಾವಾರು ಪ್ರಾಂತಗಳನ್ನು ಕೊಟ್ಟರೆ ದೇಶ ಒಡೆಯುತ್ತದೆಂಬ ಭಯ ದೆಹಲಿಯಲ್ಲಿಯೂ ಇತ್ತು. 1956ರ ನವೆಂಬರ್ 1ರಂದು ಗಡಿಗಳನ್ನು ತಿದ್ದಲಾಯಿತು. ದೇಶ ಆ ಕಾರಣಕ್ಕೆ ಒಡೆಯಲಿಲ್ಲ. ಮದರಾಸಿನಲ್ಲಿ ಪ್ರತ್ಯೇಕ ದ್ರಾವಿಡನಾಡನ್ನು ಕೇಳುತ್ತಿದ್ದ ಪಕ್ಷವೂ 1963ರಲ್ಲಿ ಆ ಬೇಡಿಕೆಯನ್ನು ಕೈಬಿಟ್ಟು ನಾಲ್ಕು ವರ್ಷಗಳಲ್ಲಿ ಮತದ ಮೂಲಕವೇ ಅಧಿಕಾರಕ್ಕೆ ಬಂದಿತು. ಭಾರತದ ಎಲ್ಲ ಗಡಿಗಳಲ್ಲಿಯೂ ಕಥೆ ಹೀಗೆ ಸುಖವಾಗಿ ಮುಗಿಯಲಿಲ್ಲವೆಂಬುದನ್ನು ಈಶಾನ್ಯದವರು ನೆನಪಿಸಿಯಾರು. ಮತ್ತೆ, ಭಾಷಾವಾರು ರಾಜ್ಯ ಸರ್ವರೋಗಕ್ಕೂ ಮದ್ದೆಂದು ಆಫ್ರಿಕಕ್ಕೆ ಉಪದೇಶಿಸುವುದೂ ಸಲ್ಲದು. ಇಥಿಯೋಪಿಯಾ ತನ್ನ 1995ರ ಸಂವಿಧಾನದಲ್ಲಿ ಭಾಷಾ ಜನಾಂಗಗಳ ಆಧಾರದ ಮೇಲೆ ರಾಜ್ಯಗಳನ್ನು ರಚಿಸಿ, 39ನೆಯ ವಿಧಿಯಲ್ಲಿ ಬೇರೆಯಾಗುವ ಹಕ್ಕನ್ನೂ ಬರೆದುಕೊಟ್ಟಿತು. ಆದರೂ 2020ರಿಂದ 2022ರವರೆಗೆ ಟಿಗ್ರಾಯ್ ಯುದ್ಧದಲ್ಲಿ ಬೆಂದುಹೋಯಿತು. ಬರೆದ ಹಕ್ಕನ್ನು ಕಾಯುವ ನ್ಯಾಯಾಲಯ, ಪತ್ರಿಕೆ, ಸೋತು ಗೆಲ್ಲುವ ಪಕ್ಷಗಳು ಅಲ್ಲಿ ಬೆಳೆದಿರಲಿಲ್ಲ.

ಹೊರನಾಡಿನ ಕನ್ನಡ ವಿಭಾಗಗಳಲ್ಲಿ ಓದುವವರು ಈ ಚರಿತ್ರೆಯನ್ನು ಬಹುಸಂಖ್ಯಾತರ ಕಣ್ಣಿನಿಂದ ಮಾತ್ರ ನೋಡಲಾರರು. 1956ರ ಗೆರೆಯ ಆಚೆಗೆ ಉಳಿದವರ ನುಡಿಯ ಪ್ರಶ್ನೆ ಅವರಿಗೆ ದಿನನಿತ್ಯದ್ದು. ಗೆರೆಯ ಈಚೆಗೆ ಉಳಿದ ಮರಾಠಿ, ತೆಲುಗು, ತುಳು, ಕೊಡವ ನುಡಿಗಳವರಿಗೂ ಅದು ಹಾಗೆಯೇ. ಆದುದರಿಂದ ಬಯಾಫ್ರಾವನ್ನು ಕುರಿತು ಅಚೆಬೆ 2012ರಲ್ಲಿ ಬರೆದ ಸ್ಮೃತಿಗ್ರಂಥವನ್ನು ಓದುವವರು ಅದರ ಪಕ್ಕದಲ್ಲಿಯೇ ಇಕ್ವೆರೆ ಸಮುದಾಯದ ಎಲೆಚಿ ಅಮಾಡಿ 1973ರಲ್ಲಿ ಪ್ರಕಟಿಸಿದ ಯುದ್ಧಕಾಲದ ನೆನಪುಗಳನ್ನೂ, ಸಾರೊ-ವಿವಾನ 'ಸೊಜಬಾಯ್' ಕಾದಂಬರಿಯನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಇಗ್ಬೊ ಅಲ್ಲದ ಆ ಇಬ್ಬರಿಗೂ ಬಯಾಫ್ರಾ ತಮ್ಮ ನಾಡೆಂದು ಅನಿಸಿರಲಿಲ್ಲ.