ಹಳೇ ಕಾರು, ಹೊಸ ಆಸೆ, ಒಂದು ಅಡಿಕೆ ದಬ್ಬೆ

ನನ್ನ ಬಲಗಾಲಿಗೂ ನನಗೂ ಈಚೆಗೆ ಅಷ್ಟಕ್ಕಷ್ಟೆ. ತಿಪಟೂರಿನಿಂದ ತುಮಕೂರಿಗೆ ಬಿ.ಎಚ್. ರಸ್ತೆಯಲ್ಲಿ ಎಪ್ಪತ್ತು ಚಿಲ್ಲರೆ ಕಿಲೋಮೀಟರ್. ಮನೆಯವಳ ಕಣ್ಣಿನ ತಪಾಸಣೆಗೆ ಎರಡು ತಿಂಗಳಿಗೊಮ್ಮೆ ಹೋಗಿಬರಬೇಕು. ಮೊದಲೆಲ್ಲ ಹಾಡು ಗುನುಗುತ್ತಾ ಓಡಿಸಿಕೊಂಡು ಹೋಗುತ್ತಿದ್ದೆ. ಈಗ ಗುಬ್ಬಿ ದಾಟುವ ಹೊತ್ತಿಗೆ ಮೊಣಕಾಲಿನಿಂದ ಹೆಬ್ಬೆರಳಿನ ತನಕ ಜೋಮು ಹಿಡಿಯುತ್ತದೆ. ಆಕ್ಸಿಲರೇಟರ್ ಮೇಲೆ ಕಾಲನ್ನು ಅಲ್ಲಾಡಿಸದೆ ಒಂದೇ ಅಳತೆಯಲ್ಲಿ ಒತ್ತಿ ಹಿಡಿಯುವುದಿದೆಯಲ್ಲ, ಅದು ನಡೆಯುವುದಕ್ಕಿಂತ ಕಷ್ಟ. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರು ಮಾರುತಿ 800. 2003ರಲ್ಲಿ ಬ್ಯಾಂಕಿನ ನೌಕರರ ಸಾಲದಲ್ಲಿ ಕೊಂಡದ್ದು. ಹದಿನೈದು ವರ್ಷ ತುಂಬಿದಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೆ ಇನ್ನೊಮ್ಮೆ ನೋಂದಣಿ ನವೀಕರಿಸಿದ್ದೇನೆ. ಮಗ ಮಾತ್ರ ಫೋನು ಮಾಡಿದಾಗಲೆಲ್ಲ ಅದೇ ರಾಗ: "ಅಪ್ಪಾ, ಇನ್ನು ಸಾಕು, ಬಾಡಿಗೆ ಕಾರು ಮಾಡ್ಕೊಂಡು ಹೋಗಿ." ನಾನು "ನೋಡೋಣ" ಅನ್ನುತ್ತೇನೆ. ಮೂವತ್ತೇಳು ವರ್ಷ ಕೌಂಟರಿನಲ್ಲಿ ಕೂತು ಕಲಿತ ಉತ್ತರ ಅದು.

ದಸರಾ ರಜೆಗೆ ಬಂದ ಮೊಮ್ಮಗಳು, ಎಂಟನೇ ತರಗತಿ, ನನ್ನ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಾ, "ತಾತ, ಚಿಕ್ಕಪ್ಪನ ಹೊಸ ಕಾರಲ್ಲಿ ಕ್ರೂಸ್ ಕಂಟ್ರೋಲ್ ಇದೆ. ಗುಂಡಿ ಒತ್ತಿದ್ರೆ ಕಾರು ಅದೇ ಸ್ಪೀಡಲ್ಲಿ ತಾನೇ ಹೋಗುತ್ತೆ. ಕಾಲು ತೆಗೀಬಹುದು. ನಿಮ್ಮ ಕಾರಿಗೂ ಹಾಕಿಸೋಣ" ಅಂದಳು. ನನಗೆ ಆಸೆ ಹುಟ್ಟಿತು. ಸುಳ್ಳು ಯಾಕೆ ಹೇಳಲಿ, ಮಗನ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನಿಸಿತು.

ಈ ಸಾಧನವನ್ನು ಕಂಡುಹಿಡಿದವರು ಯಾರು ಗೊತ್ತೇ ಮಕ್ಕಳೇ? ಕಣ್ಣು ಕಾಣದ ಒಬ್ಬ ಎಂಜಿನಿಯರು! ಅಮೆರಿಕದ ರಾಲ್ಫ್ ಟೀಟರ್. ಹುಟ್ಟಿದ್ದು 1890ರಲ್ಲಿ. ಐದನೇ ವಯಸ್ಸಿನಲ್ಲಿ ಚಾಕುವಿನಿಂದ ಒಂದು ಕಣ್ಣಿಗೆ ಗಾಯವಾಗಿ, ಕ್ರಮೇಣ ಎರಡೂ ಕಣ್ಣಿನ ದೃಷ್ಟಿ ಹೋಯಿತು. ಆದರೂ ಎಂಜಿನಿಯರಿಂಗ್ ಓದಿ, ಪಿಸ್ಟನ್ ರಿಂಗ್ ಮಾಡುವ ಕಂಪನಿಯ ಮುಖ್ಯಸ್ಥರಾದರು. ಅವರ ವಕೀಲರು ಕಾರು ಓಡಿಸುವಾಗ ತಾವು ಮಾತಾಡಿದರೆ ನಿಧಾನ, ಕೇಳಿಸಿಕೊಳ್ಳುವಾಗ ಜೋರು, ಹೀಗೆ ಜಗ್ಗಿಸಿ ಜಗ್ಗಿಸಿ ಓಡಿಸುತ್ತಿದ್ದರಂತೆ. ಪಕ್ಕದಲ್ಲಿ ಕೂತ ಟೀಟರ್‌ಗೆ ಆ ಜಗ್ಗಾಟ ಸಾಕಾಗಿಹೋಗಿ ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು. 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಬಂತು.

ಇದನ್ನೆಲ್ಲ ಮೊಮ್ಮಗಳು ಓದಿ ಹೇಳಿದಾಗ ನನಗೆ ನೆನಪಾದದ್ದು ನಮ್ಮೂರಿನ ರಾಗಿ ಮಿಷನ್ನು. ನಾನು ತುರುವೇಕೆರೆ ಕಡೆಯ ಹಳ್ಳಿಯವನು. ಅರವತ್ತರ ದಶಕದಲ್ಲಿ ಅಲ್ಲಿ ಮಿಷನ್ನು ಓಡುತ್ತಿದ್ದದ್ದು ಡೀಸೆಲ್ ಎಂಜಿನ್ನಿನಲ್ಲಿ. ಅದರ "ಟುಕ್ ಟುಕ್" ತೋಟದ ಆಚೆಗೂ ಕೇಳುತ್ತಿತ್ತು. ತಲೆಯ ಮೇಲೆ ರಾಗಿ ಹೊತ್ತು ಹೋಗಿ ಸರದಿಗೆ ಕಾಯುತ್ತಾ ಆ ಸದ್ದನ್ನೇ ಕೇಳುತ್ತಾ ಕೂರುತ್ತಿದ್ದೆ. ಬುಟ್ಟಿ ರಾಗಿ ಸುರಿದ ತಕ್ಷಣ ಎಂಜಿನ್ ಒಂದು ಕ್ಷಣ ಕುಗ್ಗಿ, ಟು...ಕ್ ಟು...ಕ್ ಎಂದು ಉಸಿರೆಳೆದು, ಆಮೇಲೆ ತಾನಾಗಿಯೇ ಚೇತರಿಸಿಕೊಂಡು ಹಳೆಯ ತಾಳಕ್ಕೆ ಬರುತ್ತಿತ್ತು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಒಳಗೆ ಗವರ್ನರ್ ಅನ್ನುವ ಭಾಗವಿರುತ್ತದೆ. ಅದರಲ್ಲಿ ತಿರುಗುವ ಗುಂಡುಗಳು. ವೇಗ ಹೆಚ್ಚಾದರೆ ಗುಂಡುಗಳು ಹೊರಕ್ಕೆ ಹರಡಿ ಎಣ್ಣೆ ಕಡಿಮೆ ಮಾಡುತ್ತವೆ, ವೇಗ ತಗ್ಗಿದರೆ ಒಳಕ್ಕೆ ಬಂದು ಎಣ್ಣೆ ಹೆಚ್ಚಿಸುತ್ತವೆ. ಜೇಮ್ಸ್ ವಾಟ್ 1788ರಲ್ಲೇ ಉಗಿ ಯಂತ್ರಕ್ಕೆ ಇಂಥದ್ದನ್ನು ಅಳವಡಿಸಿದ್ದರು. ನಮ್ಮ ತೋಟಗಳಲ್ಲಿ ಉಳುವ ಟ್ರ್ಯಾಕ್ಟರಿಗೂ ಕೈ ಆಕ್ಸಿಲರೇಟರ್ ಇದೆಯಲ್ಲ, ಅದನ್ನು ಒಂದು ಕಡೆ ನಿಲ್ಲಿಸಿಬಿಟ್ಟರೆ ಗವರ್ನರ್ ಎಂಜಿನ್ನಿನ ವೇಗವನ್ನು ನೋಡಿಕೊಳ್ಳುತ್ತದೆ. ಕ್ರೂಸ್ ಕಂಟ್ರೋಲ್ ಇದೇ ವಂಶದ್ದು.

ಮರುದಿನ ಇಬ್ಬರೂ ಗ್ಯಾರೇಜಿಗೆ ಹೋದೆವು. ನಮ್ಮ ಮೆಕ್ಯಾನಿಕ್ ಬಾನೆಟ್ ಎತ್ತಿ ಒಂದು ತಂತಿ ತೋರಿಸಿದ. "ನೋಡಿ ಸಾರ್, ನೀವು ಪೆಡಲ್ ಒತ್ತಿದ್ರೆ ಈ ಕೇಬಲ್ ಎಳೆಯುತ್ತೆ, ಆ ಕಡೆ ಗಾಳಿ ಬಾಗಿಲು ತೆರೆಯುತ್ತೆ. ಹೊಸ ಗಾಡೀಲಿ ಈ ಕೇಬಲ್ಲೇ ಇರಲ್ಲ. ಪೆಡಲ್ ಅನ್ನೋದು ಕಂಪ್ಯೂಟರ್‌ಗೆ ಹೇಳಿ ಕಳಿಸೋ ಸ್ವಿಚ್ಚು. ಅಂಥದ್ರಲ್ಲಿ ಕೆಲವು ಗಾಡಿಗೆ ಸ್ಟೀರಿಂಗ್ ಹತ್ರ ಗುಂಡಿ ಕೂರಿಸಿ ವೈರ್ ಕೊಟ್ರೆ ಕೆಲಸ ಆಗ್ಬಿಡುತ್ತೆ. ನಿಮ್ಮದಕ್ಕೆ ಕಾಲಿನ ಬದಲು ಕೇಬಲ್ ಎಳೆಯೋಕೆ ಒಂದು ಮೋಟಾರ್ ಬೇಕು. ಚಕ್ರ ಎಷ್ಟು ಬೇಗ ತಿರುಗ್ತಾ ಇದೆ ಅಂತ ಅದಕ್ಕೆ ಹೇಳೋಕೆ ಒಂದು ಸೆನ್ಸರ್ ಬೇಕು. ಬ್ರೇಕ್ ಮುಟ್ಟಿದ ಕೂಡಲೇ ಎಲ್ಲಾ ಬಿಟ್ಟುಬಿಡೋ ಹಾಗೆ ವೈರ್ ಮಾಡಬೇಕು, ಕ್ಲಚ್ಚಿಗೂ ಅಷ್ಟೇ."

"ಕ್ಲಚ್ಚಿಗೆ ಯಾಕೆ ಅಂಕಲ್?" ಅಂತ ಮೊಮ್ಮಗಳು.

"ಗೇರ್ ಬದಲಾಯಿಸೋಕೆ ಕ್ಲಚ್ ಒತ್ತಿದಾಗ ಎಂಜಿನ್ ಮೇಲೆ ಭಾರ ಇರಲ್ಲ ಪುಟ್ಟಿ. ಮೋಟಾರು ಕೇಬಲ್ ಎಳೆದುಕೊಂಡೇ ಇದ್ರೆ ಎಂಜಿನ್ ಕಿರುಚಿಕೊಳ್ಳುತ್ತೆ."

ಹಳೇ ಕಾರಿಗೆ ಬೇಕಾದ ಸಾಮಾನಿನ ಕಿಟ್ಟು ದೊರೆಯುತ್ತದೆ, ತರಿಸಬಹುದು ಅಂದ. ಆದರೆ ಅವನ ಮುಖದಲ್ಲಿ ಉತ್ಸಾಹ ಕಾಣಲಿಲ್ಲ. ಕೆದಕಿ ಕೇಳಿದೆ. "ಸಾರ್, ಇದು ಸ್ಪೀಡ್ ಹಿಡ್ಕೊಳ್ಳುತ್ತೆ, ಬ್ರೇಕ್ ಹಾಕಲ್ಲ. ನಮ್ಮ ರಸ್ತೇಲಿ ಹಸು ಬರುತ್ತೆ, ಕಾಯಿ ತುಂಬಿದ ಟ್ರ್ಯಾಕ್ಟರ್ ದೀಪ ಇಲ್ದೆ ಬರುತ್ತೆ, ಸುಗ್ಗೀಲಿ ಹುರುಳಿ ರಾಗಿ ರಸ್ತೆ ಮೇಲೇ ಹಾಸಿರ್ತಾರೆ. ಕಾಲು ಎಲ್ಲೋ ಇಟ್ಕೊಂಡಿದ್ರೆ ಬ್ರೇಕಿಗೆ ಬರೋದು ಎಷ್ಟು ಹೊತ್ತು?"

ಆರ್.ಟಿ.ಓ. ವಿಷಯವೂ ಇತ್ತು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. ಇಂಥದ್ದನ್ನು ಹಾಕಿಸುವ ಮೊದಲು ಅಲ್ಲೂ ವಿಮೆಯವರಲ್ಲೂ ಕೇಳಿಕೊಳ್ಳಬೇಕು. ಕಾಗದ ಪತ್ರದ ವಿಷಯ ನನಗೆ ಹೊಸದಲ್ಲ. ತಲೆಯಲ್ಲಿ ಕೊರೆಯತೊಡಗಿದ್ದು ಮೆಕ್ಯಾನಿಕ್ಕನ ಆ ಕೊನೆಯ ಪ್ರಶ್ನೆ.

ಅದಕ್ಕೆ ಉತ್ತರ ಕಂಡುಹಿಡಿಯುವ ದಾರಿಯನ್ನು ಮೊಮ್ಮಗಳೇ ತೋರಿಸಿದಳು. ಶಾಲೆಯಲ್ಲಿ ಸ್ಕೇಲನ್ನು ಮೇಲಿನಿಂದ ಬಿಟ್ಟು ಬೆರಳಲ್ಲಿ ಹಿಡಿಯುವ ಪರೀಕ್ಷೆ ಮಾಡಿಸಿದ್ದರಂತೆ. ಎಷ್ಟು ಸೆಂಟಿಮೀಟರ್ ಜಾರಿದ ಮೇಲೆ ಹಿಡಿದಿರಿ ಅನ್ನುವುದರಿಂದ ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕಬಹುದು. ನಾವು ಅದನ್ನೇ ಕಾಲಿಗೆ ಮಾಡಿದೆವು. ಹಿತ್ತಲಲ್ಲಿ ಬಿದ್ದಿದ್ದ ಐದಡಿಯ ಅಡಿಕೆ ದಬ್ಬೆಯೊಂದನ್ನು ಒರೆಸಿ, ಟೇಪು ಹಿಡಿದು ಗೆರೆ ಎಳೆದಳು. ನಾನು ಗೋಡೆಗೆ ಎದುರಾಗಿ ಕುರ್ಚಿಯಲ್ಲಿ ಕೂತೆ. ಬಲಕ್ಕೆ ಒಂದು ಮಣೆ, ಅದು ಆಕ್ಸಿಲರೇಟರ್. ಅವಳು ಹೇಳದೆ ಕೇಳದೆ ದಬ್ಬೆ ಬಿಟ್ಟ ಕೂಡಲೇ ನಾನು ಮಣೆಯಿಂದ ಕಾಲೆತ್ತಿ ಅದನ್ನು ಅಂಗಾಲಿನಿಂದ ಗೋಡೆಗೆ ಒತ್ತಿ ಹಿಡಿಯಬೇಕು. ಮೊದಲ ಸಲ ಕಾಲು ಎದ್ದದ್ದೇ ತಡ, ದಬ್ಬೆ ನೆಲಕ್ಕೆ ಬಿತ್ತು. ಅಡುಗೆಮನೆಯಿಂದ ನಗು ಕೇಳಿಸಿತು.

ಹತ್ತು ಸಲ ಮಾಡಿ ಸರಾಸರಿ ತೆಗೆದೆವು. ಸರಾಸರಿ ತೆಗೆಯದಿದ್ದರೆ ಬಿ.ಕಾಂ. ಓದಿದ್ದು ಯಾಕೆ? 64 ಸೆಂ.ಮೀ. ಅಂದರೆ 0.36 ಸೆಕೆಂಡ್. ಆಮೇಲೆ ಕ್ರೂಸ್ ಕಂಟ್ರೋಲ್ ಇದ್ದರೆ ನಾನು ಕಾಲನ್ನು ಹೇಗೆ ಇಟ್ಟುಕೊಳ್ಳುತ್ತೇನೋ ಹಾಗೆ, ಕುರ್ಚಿಯ ಕಡೆಗೆ ಹಿಂದಕ್ಕೆಳೆದು ನೆಲದ ಮೇಲೆ ಆರಾಮಾಗಿ ಇಟ್ಟುಕೊಂಡು ಹತ್ತು ಸಲ. 100 ಸೆಂ.ಮೀ. ಬಂತು, 0.45 ಸೆಕೆಂಡ್. ಮೊಮ್ಮಗಳದು ಮಣೆಯಿಂದ 44 ಸೆಂ.ಮೀ., 0.30 ಸೆಕೆಂಡ್.

ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ನನ್ನ ಎರಡು ಲೆಕ್ಕಗಳ ನಡುವಿನ ಅಂತರ 0.09 ಸೆಕೆಂಡ್. ಅಷ್ಟರಲ್ಲಿ ಕಾರು ಒಂದೂವರೆ ಮೀಟರ್ ಮುಂದೆ ಹೋಗಿರುತ್ತದೆ, ಬ್ರೇಕು ಹಿಡಿಯುವ ಮೊದಲೇ. ಅದೂ ದಬ್ಬೆ ಬೀಳುತ್ತದೆಂದು ಕಣ್ಣರಳಿಸಿ ಕಾಯುತ್ತಾ ಕೂತಿದ್ದಾಗಿನ ಲೆಕ್ಕ. ರಸ್ತೆಯಲ್ಲಿ ಯಾರೂ ಹಾಗೆ ಕಾಯುತ್ತಾ ಕೂತಿರುವುದಿಲ್ಲ. ಒಂದೂವರೆ ಮೀಟರ್ ಎಷ್ಟು ಅಂತ ಮೊಮ್ಮಗಳು ಅಂಗಳದಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕಿ ತೋರಿಸಿದಳು. ಆ ಗೆರೆಯ ಮೇಲೆ ಅವಳ ಸೈಕಲ್ಲನ್ನು ನಿಲ್ಲಿಸಿದಳು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹತ್ತಿರ ಹತ್ತಿರ ಸರಿಹೋಯಿತು. ನಾನು ಏನೂ ಮಾತಾಡಲಿಲ್ಲ.

ಕಿಟ್ಟು ತರಿಸುವುದು ಬೇಡ ಎಂದು ಮೆಕ್ಯಾನಿಕ್ಕನಿಗೆ ಹೇಳಲು ಹೋದೆ. ಅವನು ಈ ಸಲ ಪೆಡಲನ್ನು ಕೈಯಲ್ಲೇ ಒತ್ತಿ ನೋಡಿದ. "ಇದೇನ್ ಸಾರ್, ಇಷ್ಟು ಬಿಗಿ ಇದೆ!" ಕೇಬಲ್ ಒಳಗೆ ಒಣಗಿ, ಒಂದೆರಡು ಎಳೆ ಹರಿದು, ಕೊಳವೆಯೊಳಗೆ ಉಜ್ಜುತ್ತಿತ್ತು. ವರ್ಷಗಟ್ಟಲೆ ಬಿಗಿಯಾಗುತ್ತಾ ಬಂದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ, ವಯಸ್ಸಿನ ತಲೆಗೆ ಕಟ್ಟಿದ್ದೆ. ಹೊಸ ಕೇಬಲ್ ಹಾಕಿದ. ಸೀಟನ್ನು ಒಂದು ಹಲ್ಲು ಮುಂದಕ್ಕೆ ತಳ್ಳಿದ. ಪೆಡಲ್ ಈಗ ಬೆಣ್ಣೆ. ತುಮಕೂರಿಗೆ ಹೋಗುವಾಗ ಕೆ.ಬಿ. ಕ್ರಾಸಿನಲ್ಲಿ ಇಳಿದು ಹತ್ತು ನಿಮಿಷ ಓಡಾಡಿ ಕಾಫಿ ಕುಡಿಯಬೇಕೆಂದು ಮನೆಯವಳು ಕಾನೂನು ಮಾಡಿದ್ದಾಳೆ. ಜೋಮು ಪೂರ್ತಿ ಹೋಗಿಲ್ಲ, ಅರ್ಧಕ್ಕಿಂತ ಕಡಿಮೆಯಾಗಿದೆ.

ಚಿಕ್ಕಮಗನಂತೆ ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಓಡಿಸುವವರಿಗೆ, ಕಂಪನಿಯೇ ಹಾಕಿಕೊಟ್ಟಿದ್ದರೆ, ಅದು ಒಳ್ಳೆಯದೇ. ಮಳೆಯಲ್ಲಿ ಮಾತ್ರ ಬಳಸಬಾರದು, ಚಕ್ರ ಜಾರಿದರೂ ಅದು ವೇಗ ಕೊಡಲು ನೋಡುತ್ತದೆ.

ದಬ್ಬೆಯನ್ನು ಮೊಮ್ಮಗಳು ಒಲೆಗೆ ಹಾಕಲು ಬಿಟ್ಟಿಲ್ಲ, ಬಾಗಿಲ ಹಿಂದೆ ನಿಂತಿದೆ. ರಜೆ ಮುಗಿಸಿ ಹೊರಡುವ ಮೊದಲು ಅದರ 80ನೇ ಸೆಂಟಿಮೀಟರಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಳು. ತಿಂಗಳಿಗೊಮ್ಮೆ ಪರೀಕ್ಷೆ, ದಬ್ಬೆ ಬಿಡುವವಳು ಅಜ್ಜಿ. ಮಣೆಯಿಂದ ಕಾಲೆತ್ತಿ ಹಿಡಿದ ಸರಾಸರಿ ಕೆಂಪು ಗೆರೆ ದಾಟಿದ ದಿನ ಕೀಲಿಕೈ ಅವಳ ಅಪ್ಪನಿಗೆ. ನಾನು ಒಪ್ಪಿ ಅವಳ ಪುಸ್ತಕದಲ್ಲಿ ಸಹಿ ಹಾಕಿದ್ದೇನೆ. ಕಳೆದ ಭಾನುವಾರ 67 ಬಂತು. ಫೋನಿನಲ್ಲಿ ಹೇಳಿದೆ. "ಹೋದ ತಿಂಗಳು 64 ಇತ್ತಲ್ವಾ ತಾತ?" ಅಂದಳು.