ಬಿತ್ರಾ: 26 ಎಕರೆ ಅಳೆದರೆ ಲೆಕ್ಕ ಮುಗಿಯಿತೇ?

ಲಕ್ಷದ್ವೀಪದ ಬಿತ್ರಾ ದ್ವೀಪವನ್ನು ಇಡಿಯಾಗಿ ರಕ್ಷಣಾ ಉದ್ದೇಶಕ್ಕೆ ಪಡೆಯುವ ಪ್ರಸ್ತಾಪದ ಮೇಲೆ ಸಾಮಾಜಿಕ ಪರಿಣಾಮದ ಸಮೀಕ್ಷೆಗೆ ಅಲ್ಲಿನ ಆಡಳಿತ 2025ರ ಜುಲೈಯಲ್ಲಿ ಅಧಿಸೂಚನೆ ಹೊರಡಿಸಿತು. ಆಯಕಟ್ಟಿನ ಜಾಗ, ದೇಶದ ಭದ್ರತೆ ಎಂಬ ಕಾರಣಗಳ ಜತೆಗೆ, ಅಲ್ಲಿ ಜನವಸತಿ ನಡೆಸಿಕೊಂಡು ಹೋಗುವುದೇ ಕಷ್ಟ ಎಂಬ ಮಾತೂ ಇದೆ. ಸಂಸದ ಹಮ್ದುಲ್ಲಾ ಸಯೀದ್ ವಿರೋಧಿಸಿದ್ದಾರೆ.

ನಮಗೆ ಬ್ಯಾರಿಗಳಿಗೆ ಇದು ದೂರದ ಸುದ್ದಿಯಲ್ಲ. ಬಿತ್ರಾ, ಚೆತ್ಲಾತ್, ಕಿಲ್ತಾನ್, ಕಡ್ಮತ್, ಅಮಿನಿ ಈ ಐದೂ 1956ರ ತನಕ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕೊಬ್ಬರಿ, ತೆಂಗಿನ ಹುರಿ ಹೊತ್ತ ಮಂಜಿಗಳು ಮಂಗಳೂರಿನ ಬಂದರಿಗೆ ಬಂದು ಅಕ್ಕಿ ತುಂಬಿಸಿಕೊಂಡು ಹೋಗುತ್ತಿದ್ದವು.

ಭದ್ರತೆ ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ಕವರತ್ತಿಯಲ್ಲಿ 2012ರಿಂದ, ಮಿನಿಕಾಯ್‌ನಲ್ಲಿ 2024ರಿಂದ ನೌಕಾನೆಲೆ ಇದೆ. ಜನರೂ ಅಲ್ಲೇ ಇದ್ದಾರಲ್ಲ! ವಾಸ ಕಷ್ಟ ಎಂದು ಊರನ್ನೇ ಎಬ್ಬಿಸುವುದಾದರೆ ನಮ್ಮ ಘಟ್ಟದ ಬುಡದಲ್ಲಿ ಎಷ್ಟು ಊರು ಉಳಿದೀತು?

ಬಿತ್ರಾದ ನೆಲ ಒಟ್ಟು 0.105 ಚದರ ಕಿ.ಮೀ., ಅಂದರೆ ಸುಮಾರು 26 ಎಕರೆ. 2011ರ ಜನಗಣತಿಯಲ್ಲಿ 271 ಜನ. ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ತೆಳ್ಳಗಿನ ಸಿಹಿನೀರಿನ ಪದರವೇ ಅವರ ಬಾವಿ. ಮಲಿಕ್ ಮುಲ್ಲಾ ಎಂಬ ಅರಬ್ ಸಂತರ ದರ್ಗಾಕ್ಕೆ ಬೇರೆ ದ್ವೀಪಗಳಿಂದಲೂ ಝಿಯಾರತ್‌ಗೆ ಬರುತ್ತಾರೆ. ಹವಳದ ದಿಬ್ಬದೊಳಗಿನ ಶಾಂತ ಕಡಲು ಮಾತ್ರ 45 ಚದರ ಕಿ.ಮೀ.ಗೂ ಹೆಚ್ಚು, ನೆಲದ 400 ಪಾಲಿಗಿಂತ ಜಾಸ್ತಿ. ಲಕ್ಷದ್ವೀಪದಲ್ಲಿ ಕೇದರೆ, ಅಂದರೆ ಟ್ಯೂನಾ, ಹಿಡಿಯುವುದು ಗಾಳದಲ್ಲಿ. ಅದಕ್ಕೆ ಬೇಕಾದ ಜೀವಂತ ಸಣ್ಣ ಮೀನು ಸಿಗುವುದು ಇಂಥ ಒಳಗಡಲಿನಲ್ಲಿ. ಹಾಗಾಗಿ ದ್ವೀಪದವರ ನಿಜವಾದ ಗದ್ದೆ ಈ ನೀರು. ಅದಕ್ಕೆ ಯಾರ ಹೆಸರಲ್ಲೂ ಪಹಣಿ ಇಲ್ಲ.

ಪರಿಹಾರ ಸೆಂಟ್ಸ್ ಲೆಕ್ಕದಲ್ಲಿ ಬಂದರೆ ಎಷ್ಟು ಬಂದೀತು ಹೇಳಿ? 2013ರ ಭೂಸ್ವಾಧೀನ ಕಾಯ್ದೆಯಲ್ಲಿ, ಸರಕಾರ ತನ್ನ ಬಳಕೆಗೇ ಜಾಗ ಪಡೆಯುವಾಗ ಖಾಸಗಿ ಯೋಜನೆಗಳಿಗಿರುವ 80 ಶೇಕಡಾ ಒಪ್ಪಿಗೆಯ ಷರತ್ತು ಇಲ್ಲ. ಆದರೆ ಅದೇ ಕಾಯ್ದೆ, ಸ್ವಾಧೀನಕ್ಕೆ ಮೊದಲಿನ 3 ವರ್ಷ ನೀರನ್ನೇ ನಂಬಿ ಬದುಕಿದ ಮೀನುಗಾರರು, ದೋಣಿಯವರ ಕುಟುಂಬಗಳನ್ನೂ ಬಾಧಿತರು ಎಂದು ಹೆಸರಿಸಿದೆ. ಜಾಗದ ದಾಖಲೆ ಇಲ್ಲದಿದ್ದರೂ ಆಯಿತು. ಇದನ್ನು ಹೆಚ್ಚಿನವರು ಗಮನಿಸಿದಂತಿಲ್ಲ. ಸಮೀಕ್ಷೆಗೆ ಹೋದವರು ಮನೆ, ತೆಂಗು ಎಣಿಸಿ ವಾಪಸ್ ಬಂದರೆ ಸಾಲದು. ಬೇರೆ ದ್ವೀಪದಿಂದ ಬಂದು ಆ ನೀರಿನಲ್ಲಿ ದುಡಿಯುವ ದೋಣಿಗಳಿದ್ದರೆ ಅವೂ ಪಟ್ಟಿಯಲ್ಲಿ ಬರಬೇಕು.