ಆಕಾಶದ ಸುಂಕ ಯಾರ ಬೊಕ್ಕಸಕ್ಕೆ?

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೊರಟ ವಿಮಾನ ತನ್ನ ದಾರಿಯ ಬಹುಭಾಗವನ್ನು ಐರೋಪ್ಯ ಒಕ್ಕೂಟದ ಗಡಿಯ ಹೊರಗೇ ಕ್ರಮಿಸುತ್ತದೆ. ಆದರೂ 2012ರ ಜನವರಿ 1ರಂದು ಒಕ್ಕೂಟ ಜಾರಿಗೆ ತಂದ ನಿಯಮದ ಪ್ರಕಾರ, ಅದು ನಮ್ಮ ರನ್‌ವೇ ಬಿಟ್ಟ ಕ್ಷಣದಿಂದ ಉಗುಳಿದ ಇಂಗಾಲಕ್ಕೆಲ್ಲ ಯುರೋಪಿಗೆ ಲೆಕ್ಕ ಒಪ್ಪಿಸಬೇಕಿತ್ತು. ಇದು ತೆರಿಗೆಯಲ್ಲ, ಅನ್ಯರ ಸಾರ್ವಭೌಮತ್ವದ ಉಲ್ಲಂಘನೆಯೂ ಅಲ್ಲ ಎಂದು ಯುರೋಪಿನ ನ್ಯಾಯಾಲಯ 2011ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ತಮ್ಮ ಮನೆಯ ಪಂಚಾಯಿತಿಯಲ್ಲಿ ತಮ್ಮದೇ ನ್ಯಾಯ!

ಭಾರತ, ಚೀನಾ, ರಷ್ಯಾ, ಅಮೆರಿಕಗಳು ಒಟ್ಟಾಗಿ ಪ್ರತಿಭಟಿಸಿದವು. ಇಂಥ ಒಗ್ಗಟ್ಟು ಅಪರೂಪ. ಲೆಕ್ಕಪತ್ರ ಕೊಡಬೇಡಿ ಎಂದು ನಮ್ಮ ಸರ್ಕಾರ ವಿಮಾನಯಾನ ಸಂಸ್ಥೆಗಳಿಗೆ ಸೂಚಿಸಿತು. 2012ರ ನವೆಂಬರ್‌ನಲ್ಲಿ ಒಕ್ಕೂಟ ಹಿಂದೆ ಸರಿದು, ನಿಯಮವನ್ನು ಯುರೋಪಿನೊಳಗಿನ ಹಾರಾಟಗಳಿಗೆ ಸೀಮಿತಗೊಳಿಸಿತು.

ಗಡಿಯ ವಿಚಾರದಲ್ಲಿ ಭಾರತದ ಆಕ್ಷೇಪ ಸರಿಯಾದುದೇ. ಆದರೆ ಬಡ ರಾಷ್ಟ್ರದ ಮೇಲೆ ಹೊರೆ ಎಂಬ ವಾದವನ್ನು ನಾನು ಒಪ್ಪಲಾರೆ. ಅಂತರರಾಷ್ಟ್ರೀಯ ವಿಮಾನ ಏರುವ ಭಾರತೀಯ ಬಡವನಲ್ಲ. ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುವಾತ ಡೀಸೆಲ್ ಮೇಲಿನ ತೆರಿಗೆಯನ್ನು ಟಿಕೆಟ್ಟಿನಲ್ಲೇ ತೆರುತ್ತಾನೆ. ಲಂಡನ್ನಿಗೆ ಹಾರುವ ವಿಮಾನದ ಇಂಧನವಾದರೋ 1944ರ ಷಿಕಾಗೊ ಒಡಂಬಡಿಕೆ ಹಾಗೂ ಆನಂತರದ ದ್ವಿಪಕ್ಷೀಯ ಒಪ್ಪಂದಗಳ ಕೃಪೆಯಿಂದ ಬಹುಮಟ್ಟಿಗೆ ತೆರಿಗೆಮುಕ್ತ. ಈ ಅನ್ಯಾಯದ ಬಗ್ಗೆ ದೆಹಲಿಯೂ ಮಾತನಾಡುವುದಿಲ್ಲ, ಬ್ರಸೆಲ್ಸ್ ಕೂಡ ತಡವಾಗಿಯೇ ಎಚ್ಚೆತ್ತಿತು.

ಯುರೋಪಿನ ಯೋಜನೆಯ ನಿಜವಾದ ದೋಷವಿದ್ದುದು ಹಣದ ಹಾದಿಯಲ್ಲಿ. ಪರವಾನಗಿಗಳ ಹರಾಜಿನಿಂದ ಬಂದ ಮೊತ್ತ ಸದಸ್ಯ ರಾಷ್ಟ್ರಗಳ ಬೊಕ್ಕಸಕ್ಕೆ ಸೇರುತ್ತಿತ್ತು. ಹವಾಮಾನ ರಕ್ಷಣೆಗೇ ಅದನ್ನು ಬಳಸಬೇಕೆಂಬುದು ಬರಿಯ ಆಶಯವಾಗಿತ್ತೇ ಹೊರತು ಕಟ್ಟುಪಾಡಾಗಿರಲಿಲ್ಲ. ಎರಡು ಶತಮಾನ ಕಲ್ಲಿದ್ದಲು ಸುಟ್ಟವರೇ ಸುಂಕದ ಕಟ್ಟೆ ಹಾಕಿ ಕುಳಿತರೆ, ಸಮುದ್ರ ಉಕ್ಕಿ ಮನೆ ಕಳೆದುಕೊಳ್ಳುವ ಮಾಲ್ಡೀವ್ಸ್, ಬಾಂಗ್ಲಾದೇಶಗಳಿಗೆ ದಕ್ಕುವುದೇನು?

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2016ರಲ್ಲಿ ಒಪ್ಪಿದ ಪರ್ಯಾಯ ಯೋಜನೆ ಈ ಪ್ರಶ್ನೆಯನ್ನು ಬಗೆಹರಿಸಿಲ್ಲ. ನಿಗದಿತ ಮಟ್ಟ ಮೀರಿದ ಹೊಗೆಗೆ ಬೇರೆಲ್ಲೋ ನಡೆದ ಇಂಗಾಲ ಉಳಿತಾಯದ ಪತ್ರ ಕೊಂಡರೆ ಸಾಕು. 2027ರಿಂದ ಅದರ ಕಡ್ಡಾಯ ಹಂತಕ್ಕೆ ಭಾರತವೂ ಒಳಪಡುತ್ತದೆ. ಆ ವೇದಿಕೆಯಲ್ಲಿ ನಮ್ಮ ಪ್ರತಿನಿಧಿಗಳು ವಿನಾಯಿತಿಗಾಗಿ ಕೈಚಾಚದೆ, ದೂರದ ಹಾರಾಟಗಳ ಮೇಲೆ ಎಲ್ಲ ದೇಶಗಳಿಗೂ ಒಂದೇ ದರದ ಇಂಗಾಲ ಸುಂಕ ಕೇಳಲಿ, ಅದರ ಪ್ರತಿ ರೂಪಾಯಿಯೂ ಮುಳುಗುತ್ತಿರುವ ಕರಾವಳಿಗಳಿಗೆ ಸಲ್ಲಲಿ ಎಂದು ಪಟ್ಟು ಹಿಡಿಯಲಿ.